ಗಂಡಸರ ಸರದಿಯಲ್ಲಿ ತೆರ್ತು

ತೆರ್ತುವಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಪಾತ್ರೆಯ ಮುಚ್ಚಳ ಮಾತಾಡುತ್ತಿತ್ತು. ಕೊತ್ಕಾ ಬಂದರಿನ ಹಿಂಬದಿಯ ಶಾಲೆಯಲ್ಲಿ ಅಡುಗೆಯವಳಾಗಿ ಅವಳು ತನ್ನ ಇಡೀ ಪ್ರಾಯವನ್ನು ಸವೆಸಿದ್ದಳು. ಗುರುವಾರ ಬಟಾಣಿ ಸೂಪಿನ ಸಾಲಿನಲ್ಲಿ ಯಾರಾದರೂ ತಳ್ಳಾಡಿದರೆ ಸಾಕು, ಸೌಟು ಮುಚ್ಚಳದ ಮೇಲೆ ಢಣಾರೆಂದು ಬಿದ್ದು ಇಡೀ ಊಟದ ಕೋಣೆ ತಣ್ಣಗಾಗುತ್ತಿತ್ತು. ಮಕ್ಕಳಿಗೆ ಅವಳೆಂದರೆ ಭಯ. ಆದರೂ ಮನೆಯಲ್ಲಿ ಹೊಟ್ಟೆತುಂಬ ಊಟ ಸಿಗದ ಮಕ್ಕಳೆಲ್ಲ ಅವಳ ಕಡೆಯ ಸಾಲಿಗೇ ಬಂದು ನಿಲ್ಲುತ್ತಿದ್ದವು. ಬೈಗುಳದ ಜೊತೆಗೆ ಎರಡನೇ ಸೌಟು ಬೀಳುವುದು ಅಲ್ಲಿ ಮಾತ್ರ ಎಂದು ಅವಕ್ಕೆ ಗೊತ್ತಿತ್ತು.

"ತಿನ್ನೋ! ಗಾಳಿಗೆ ಹಾರಿ ಸಮುದ್ರಕ್ಕೆ ಬಿದ್ದೆ ಅಂದ್ರೆ ನಿಮ್ಮಮ್ಮ ಬಂದು ನನ್ನ ಕೇಳ್ತಾಳೆ," ಎಂದು ಅವಳು ಗದರುವುದು, ಮಗು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಓಡುವುದು. ಅವಳ ಸಿಟ್ಟು ಬಹುಪಾಲು ಹೀಗೆಯೇ ಇತ್ತು. ಯಾರಿಗೋ ಏನೋ ಆಗಿಬಿಟ್ಟೀತು ಎಂಬ ಹೆದರಿಕೆ ಹೊಟ್ಟೆಯಲ್ಲಿ ಎದ್ದರೆ ಅದು ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗಿರುತ್ತಿತ್ತು.

ಕೆಲಸದಿಂದ ನಿವೃತ್ತಿಯಾದ ಮೇಲೆ ಅಷ್ಟು ದೊಡ್ಡ ಸಿಟ್ಟಿಗೆ ಒಂದು ಮನೆ, ಒಬ್ಬ ಗಂಡ ಮಾತ್ರ ಉಳಿದರು.

ಗಂಡ ಇಲ್ಪೋ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು. ದಿನವಿಡೀ ಆಕಾಶದ ಗಾಜಿನ ಗೂಡಿನಲ್ಲಿ ಒಬ್ಬನೇ ಕೂತು ಕಾಗದದ ಸುರುಳಿಗಳನ್ನು ಹಡಗಿಗೆ ಇಳಿಸಿದವನಿಗೆ ಮಾತಿನ ಅಭ್ಯಾಸ ಎಲ್ಲಿಂದ ಬರಬೇಕು? ಅವನಿಗಿದ್ದ ಚಟಗಳು ಎರಡೇ. ಬೇಸಿಗೆಯ ಶನಿವಾರಗಳಲ್ಲಿ ಕೆರೆದಂಡೆಯ ನೃತ್ಯಮಂಟಪದಲ್ಲಿ ಟ್ಯಾಂಗೋ ಕುಣಿಯುವುದು ಒಂದು; ಕೂದಲು ಇನ್ನೊಂದು. ಅರವತ್ತು ದಾಟಿದರೂ ಹಿಂದಕ್ಕೆ ಬಾಚಿದ ಅವನ ಕೂದಲು ಉತ್ತ ಹೊಲದ ಹಾಗೆ ದಟ್ಟವಾಗಿ, ಗೆರೆಗೆರೆಯಾಗಿ ನಿಂತಿರುತ್ತಿತ್ತು. ಅವನಪ್ಪನದು ಮೊಟ್ಟೆಯಂಥ ತಲೆ. ಅಣ್ಣ ಆರ್ನೆ ಮದುವೆಯ ಫೋಟೋದಲ್ಲೇ ಬೋಳು. "ಇವನೊಬ್ಬನನ್ನ ಆಸ್ಪತ್ರೆಯಲ್ಲಿ ಅದಲುಬದಲು ಮಾಡಿಬಿಟ್ಟಿದ್ದಾರೆ," ಎಂದು ಆರ್ನೆ ಪ್ರತಿ ಕ್ರಿಸ್‌ಮಸ್ಸಿಗೂ ಅದೇ ಹಾಸ್ಯ ಮಾಡುತ್ತಿದ್ದ. ಇಲ್ಪೋ ಪ್ರತಿ ಸಲವೂ ಬಟ್ಟಲು ನೋಡುತ್ತ ಕೂರುತ್ತಿದ್ದ.

ತೆರ್ತು ಅವನನ್ನು ಕಂಡದ್ದೂ ಆ ಮಂಟಪದಲ್ಲೇ. ಒಂದು ಬದಿಗೆ ಗಂಡಸರು, ಇನ್ನೊಂದು ಬದಿಗೆ ಹೆಂಗಸರು, ನಡುವೆ ಹೊಳೆಯುವ ಹಲಗೆ. 'ಹೆಂಗಸರ ಆಯ್ಕೆ', ಈ ಹಾಡಿಗೆ ಜೊತೆಗಾರನನ್ನು ಹೆಂಗಸರೇ ಆರಿಸಬೇಕು ಎಂದು ವಾದ್ಯದವನು ಕೂಗಿದಾಗ ಅವಳು ಹಲಗೆ ದಾಟಿ ಬಂದು ಇಲ್ಪೋನ ಎದುರಿಗೆ ನಿಂತಿದ್ದಳು. "ಯಾಕೆ ನಾನೇ?" ಎಂದು ಅವನು ಕೇಳಿದ್ದ. ಅವಳು ಹೇಳಿದ್ದು ಒಂದೇ ಮಾತು: "ಕೂದಲು ಚೆನ್ನಾಗಿದೆ."

ಆ ಮಾತನ್ನು ಹೇಳಿದವಳು ಮಾರನೆಯ ವಾರಕ್ಕೇ ಮರೆತಳು.

ಎರಡು ಚಳಿಗಾಲಗಳ ಹಿಂದೆ ಆರ್ನೆ ತೀರಿಕೊಂಡ. ಗಂಡಸರ ಮೂತ್ರಕೋಶದ ಕೆಳಗೆ ಅಡಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರು. ಸೊಂಟದ ಮೂಳೆಗೆ ಇಳಿಯುವ ತನಕ ಅವನು ಯಾರಿಗೂ ಹೇಳಿರಲಿಲ್ಲ. ಕೊನೆಯ ತಿಂಗಳು ತೆರ್ತುವೇ ಹೋಗಿ ಅವನ ಮೈ ಒರೆಸಿದಳು, ಗಂಜಿ ಕುಡಿಸಿದಳು, ಬೈದಳು. "ಬಾಯಿ ಇರೋದು ಗಂಜಿ ಕುಡಿಯೋಕೆ ಮಾತ್ರ ಅಂತ ಅಂದ್ಕೊಂಡ್ಯಾ? ನೋವು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?" ಆರ್ನೆ ನಕ್ಕಿದ್ದ. ಆ ನಗು ನೆನಪಾದಾಗಲೆಲ್ಲ ಅವಳಿಗೆ ಹೊಸದಾಗಿ ಸಿಟ್ಟು ಬರುತ್ತಿತ್ತು.

ಹೆಣ ಮಣ್ಣು ಮಾಡಿ ಬಂದ ವಾರವೇ ಅವಳು ಇಲ್ಪೋನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಅಣ್ಣನಿಗೆ ಬಂದದ್ದು ತಮ್ಮನಿಗೂ ಬರಬಹುದು, ರಕ್ತ ಪರೀಕ್ಷೆ ಮಾಡಿ ಎಂದಳು. ಆ ಗ್ರಂಥಿಯಿಂದ ರಕ್ತಕ್ಕೆ ಜಿನುಗುವ ಒಂದು ಪ್ರೋಟೀನನ್ನು ಅಳೆಯುತ್ತಾರೆ, ಪಿ.ಎಸ್.ಎ. ಎನ್ನುತ್ತಾರೆ. ನಾಲ್ಕರ ಒಳಗಿದ್ದರೆ ನಿಶ್ಚಿಂತೆ. ಇಲ್ಪೋನದು ಎರಡು ಚಿಲ್ಲರೆ ಬಂತು. ಮುಂದಿನ ವರ್ಷ ಮೂರು. "ವಯಸ್ಸಿಗೆ ಇದು ಸಹಜ," ಎಂದರು.

ತೆರ್ತು ಮನೆಗೆ ಬಂದು ಸಮಾಧಾನದಿಂದ ಏಲಕ್ಕಿ ಬನ್ನು ಸುಟ್ಟಳು.

ಆ ಸಮಾಧಾನ ಕೆಟ್ಟದ್ದು ಬಟ್ಟೆ ಒಗೆಯುವಾಗ. ಮನೆಯ ಒಗೆತ ಮಾಡುವವರಿಗೆ ಮನೆಮಂದಿಯ ಮೈಯ ಸುದ್ದಿ ಮೊದಲು ತಿಳಿಯುತ್ತದೆ. ಮಗುವಿನ ಹೊಟ್ಟೆ ಕೆಟ್ಟದ್ದು, ಮಗಳು ದೊಡ್ಡವಳಾದದ್ದು, ಮಗ ಕದ್ದು ಸಿಗರೇಟು ಸೇದಿದ್ದು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಇಲ್ಪೋನ ಒಳಚಡ್ಡಿಯಲ್ಲಿ ತುಕ್ಕಿನ ಬಣ್ಣದ ಕಲೆ ಕಂಡಿತು. ಅವಳು ಅದನ್ನು ಹಾಗೆಯೇ ಹಿಡಿದುಕೊಂಡು ಬಂದು ಅವನ ಕಾಫಿ ಬಟ್ಟಲಿನ ಪಕ್ಕದಲ್ಲಿ ಇಟ್ಟಳು.

"ಏನಿದು?"

"ಬೀಟ್‌ರೂಟ್ ಇರಬೇಕು," ಎಂದ ಇಲ್ಪೋ. "ನಿನ್ನೆ ಸೂಪು ಕುಡಿದೆವಲ್ಲ."

"ಸೂಪು ನಾನೂ ಕುಡಿದಿದ್ದೀನಿ. ಮೂವತ್ತು ವರ್ಷ ಇಡೀ ಊರಿನ ಮಕ್ಕಳಿಗೆ ಬೀಟ್‌ರೂಟ್ ಕುದಿಸಿದ್ದೀನಿ. ಯಾವ ಬೀಟ್‌ರೂಟು ಈ ಬಣ್ಣಕ್ಕೆ ಒಣಗುತ್ತೆ ಹೇಳು!"

ಆರೋಗ್ಯ ಕೇಂದ್ರದಲ್ಲಿ ಈ ಸಲ ಡಾಕ್ಟರ್ ನೂರ್ಮೆಲಾ ಎಂಬ ಹೊಸ ಡಾಕ್ಟರು. ಕಿರಿ ವಯಸ್ಸು, ಕಣ್ಣ ಕೆಳಗೆ ಕಪ್ಪು. ಮನೆಯಲ್ಲಿ ಎಳೆ ಮಗು ಇರುವ ಹೆಂಗಸು ಎಂದು ತೆರ್ತುವಿಗೆ ನೋಡಿದ ಕೂಡಲೇ ತಿಳಿಯಿತು. ಅವಳು ಇಲ್ಪೋನನ್ನು ಪರದೆಯ ಹಿಂದೆ ಪರೀಕ್ಷಿಸಿ ಬಂದು, "ಗ್ರಂಥಿ ಚಿಕ್ಕದಾಗಿದೆ, ಮೆತ್ತಗಿದೆ. ಈ ವಯಸ್ಸಿನವರಲ್ಲಿ ಇಷ್ಟು ಚಿಕ್ಕದು ನಾನು ಕಂಡೇ ಇಲ್ಲ," ಎಂದಳು. "ಮೂತ್ರ ಸಲೀಸಾಗಿ ಹೋಗುತ್ತಾ?"

"ಹೋಗುತ್ತೆ."

"ಯಾವುದಾದರೂ ಔಷಧಿ ತಗೋತಿದ್ದೀರಾ?"

ಇಲ್ಪೋ ಒಂದು ಕ್ಷಣ ಹೆಂಡತಿಯ ಮುಖ ನೋಡಿದ. "ಇಲ್ಲ," ಎಂದ.

ಅವನು ತನ್ನ ಕಡೆ ನೋಡಿದ್ದು ತೆರ್ತುವಿಗೆ ಕಂಡಿತ್ತು. ಮಾತು ಕಡಿಮೆಯಿರುವ ಗಂಡಸು, ಹೆಂಡತಿ ಪೂರ್ತಿ ಮಾಡಲಿ ಎಂದು ನೋಡಿರಬೇಕು ಎಂದುಕೊಂಡಳು. "ತಲೆನೋವಿನ ಮಾತ್ರೆ ಕೂಡ ನುಂಗಲ್ಲ ಇವನು," ಎಂದು ತಾನೇ ಪೂರ್ತಿ ಮಾಡಿದಳು.

ಪಿ.ಎಸ್.ಎ. ಮೂರೂವರೆ ಬಂತು. ನಾಲ್ಕರ ಒಳಗೇ. ಸೋಂಕು ಇರಬಹುದು ಎಂದು ಹದಿನೈದು ದಿನಕ್ಕೆ ಮಾತ್ರೆ ಕೊಟ್ಟರು. ಮಾತ್ರೆ ಮುಗಿಯಿತು, ಕಲೆ ಮತ್ತೆ ಬಂತು.

ಆಮೇಲೆ ತೆರ್ತುವಿನ ಮನೆಯಲ್ಲಿ ಒಂದು ಮುಚ್ಚಳವೂ ನೆಟ್ಟಗೆ ಉಳಿಯಲಿಲ್ಲ. ಫೋನಿನಲ್ಲಿ ಆರೋಗ್ಯ ಕೇಂದ್ರದವರಿಗೆ ಬೈದಳು. ಅವರು ಮೂರು ತಿಂಗಳು ಬಿಟ್ಟು ಬರಲು ಹೇಳಿದರು. ಮೂರು ತಿಂಗಳಲ್ಲಿ ಆರ್ನೆ ಮೂಳೆ ಚಕ್ಕಳವಾಗಿ ಹೋಗಿದ್ದ ಎಂದು ಅವಳು ಕಿರುಚಿದಳು. ಇಲ್ಪೋ ಎದ್ದು ನೆಲಮಾಳಿಗೆಗೆ ಹೋದ. ಅವನ ಉತ್ತರ ಯಾವಾಗಲೂ ಅದೇ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಮೇಣ ಸರಿಯಿದೆಯೇ ನೋಡಿ ಬರುತ್ತೇನೆ ಎಂದು ದಿನಕ್ಕೊಮ್ಮೆ ಅಲ್ಲಿಗೆ ಇಳಿಯುತ್ತಿದ್ದ. ಜುಲೈ ತಿಂಗಳಲ್ಲೂ ಇಳಿಯುತ್ತಿದ್ದ. ಗಂಡಸರಿಗೆ ಇಂಥದೊಂದು ಬಿಲ ಬೇಕಾಗುತ್ತದೆ ಎಂದು ಅವಳು ಸುಮ್ಮನಿದ್ದಳು.

ಆ ವಾರದ ಶನಿವಾರ ಮಧ್ಯಾಹ್ನ ತೆರ್ತುವಿನ ತಮ್ಮ ಯೌಕೋ ಕಾಫಿಗೆ ಬಂದ. ಇವರಿದ್ದ ವಸತಿ ಕಟ್ಟಡದಲ್ಲೇ, ಇನ್ನೊಂದು ಮೆಟ್ಟಿಲಿನ ಕಡೆ ಅವನ ಮನೆ. ಇಲ್ಪೋನ ಜೊತೆಗಾರನೂ ಅವನೇ. ವರ್ಷಕ್ಕೆರಡು ಸಲ ಇಬ್ಬರೂ ಹಡಗು ಹತ್ತಿ ಕೊಲ್ಲಿಯಾಚೆಯ ಬೇರೆ ದೇಶದ ತಾಲ್ಲಿನ್‌ಗೆ ಹೋಗಿ, ಊರಿಗೆಲ್ಲ ಸಾಲುವಷ್ಟು ಬಿಯರು ಹೊತ್ತು ತರುತ್ತಿದ್ದರು. ತೆರ್ತು ಬನ್ನು ಮುರಿಯುತ್ತ ಪರೀಕ್ಷೆಯ ಸಂಗತಿ ಹೇಳಿದಳು.

"ಮೂರೂವರೆ ಅಂತೆ. ಎಲ್ಲ ಸರಿ ಇದೆಯಂತೆ. ಸರಿ ಇದ್ರೆ ರಕ್ತ ಎಲ್ಲಿಂದ ಬರುತ್ತೋ?"

ಯೌಕೋ ಕೂಡಲೇ ಹವಾಮಾನದ ಮಾತು ತೆಗೆದ. ಈ ವರ್ಷ ಸಮುದ್ರದ ಮಂಜುಗಡ್ಡೆ ಬೇಗ ಒಡೆಯಿತು ಎಂದ. ಮೀನು ಚೆನ್ನಾಗಿ ಸಿಗಬಹುದು ಎಂದ. ಪಕ್ಕದ ಮನೆಯ ನಾಯಿಗೆ ಕಾಲು ಕುಂಟಂತೆ ಎಂದ. ತೆರ್ತು ಬನ್ನು ಕೆಳಗಿಟ್ಟಳು. ಈ ತಮ್ಮ ಚಿಕ್ಕಂದಿನಿಂದಲೂ ಹಾಗೆ. ಏನಾದರೂ ಮುಚ್ಚಿಡಬೇಕಾದರೆ ಗಿಳಿಯ ಹಾಗೆ ಮಾತಾಡುತ್ತಾನೆ.

"ನಿಂಗೆ ಏನೋ ಗೊತ್ತು."

"ನಂಗೇನು ಗೊತ್ತಕ್ಕ?"

"ನಾಯಿಗೆ ಕಾಲು ಕುಂಟಂತೆ! ಆ ನಾಯಿ ಸತ್ತು ಒಂದು ವರ್ಷ ಆಯ್ತು ಕಣೋ. ಬೊಗಳು, ಏನು ಗೊತ್ತು ನಿಂಗೆ?"

ಯೌಕೋ ಚಮಚ ತಿರುಗಿಸಿದ. ಕಿವಿ ಕೆಂಪಾಯಿತು. "ನೋಡು, ಅವನು ಏನಾದ್ರೂ ಹೇಳಿದ್ರೆ, ಹೇಳಿದ್ದಾನೆ ಅಂತ ಅಲ್ಲ, ಹೇಳಿದ್ರೆ ಅದು ಸೌನಾದಲ್ಲಿ. ಸೌನಾದೊಳಗೆ ಕೇಳಿದ್ದನ್ನ ನಾನು ಹೊರಗೆ ತರೋನಲ್ಲ. ಅಪ್ಪ ತರಲಿಲ್ಲ, ನಾನೂ ತರಲ್ಲ. ನೀನು ಕತ್ತು ಹಿಸುಕಿದ್ರೂ ಅಷ್ಟೇ."

ಅವಳು ಕತ್ತು ಹಿಸುಕಲಿಲ್ಲ. ಆ ಕಟ್ಟುಪಾಡು ಅವಳಿಗೂ ಗೊತ್ತು. ಹಬೆಸ್ನಾನದ ಆ ಬಿಸಿ ಕೋಣೆಯಲ್ಲಿ ಬೆತ್ತಲೆ ಕೂತು ಬೆವರುವಾಗ ಬಾಯಿಗೆ ಬಂದದ್ದನ್ನು ಮೆಟ್ಟಿಲು ಹತ್ತಿ ಮನೆಗೆ ಒಯ್ಯಬಾರದು. ಒಯ್ಯುವವನ ಪಕ್ಕದಲ್ಲಿ ಮುಂದಿನ ಶನಿವಾರ ಯಾರೂ ಕೂರುವುದಿಲ್ಲ. ಹೆಂಗಸರ ಸರದಿಯಲ್ಲಿ ಅವಳೂ ಎಷ್ಟೋ ಜನರ ಕಣ್ಣೀರನ್ನು ಆ ಮರದ ಹಲಗೆಯ ಮೇಲೇ ಬಿಟ್ಟು ಬಂದಿದ್ದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದು ಅದಕ್ಕೇ. ತಮ್ಮ ತಪ್ಪು ಮಾಡುತ್ತಿದ್ದರೆ ಬೈಯಬಹುದಿತ್ತು. ಅವನು ಮಾಡುತ್ತಿದ್ದುದು ಸರಿಯಾಗಿತ್ತು. ಆ ಸರಿಯೇ ತನ್ನ ಗಂಡನನ್ನು ಕೊಲ್ಲುತ್ತಿರಬಹುದು.

"ಹೊರಗೆ ತರಲ್ಲ ಅಲ್ವಾ?" ಎಂದಳು. "ಸರಿ, ತರಬೇಡ."

ಆ ಸಂಜೆ ನೆಲಮಾಳಿಗೆಯ ಸೌನಾದಲ್ಲಿ ಹೆಂಗಸರ ಸರದಿ ಮುಗಿದು ಗಂಡಸರ ಸರದಿ ಶುರುವಾಯಿತು. ಒಳಗೆ ಮೂವರು. ಮೇಲಿನ ಹಲಗೆಯಲ್ಲಿ ಇಲ್ಪೋ ಮತ್ತು ಯೌಕೋ, ಮೂಲೆಯಲ್ಲಿ ಕೊನೆಯ ಮಹಡಿಯ ಮುದುಕ ಸುಲೋ. ಎಂಬತ್ತರ ಹತ್ತಿರದ ಸುಲೋ ಹಿಂದೆ ಬಸ್ಸು ಓಡಿಸುತ್ತಿದ್ದವನು. ಕಾದ ಕಲ್ಲುಗಳ ಮೇಲೆ ನೀರು ಸುರಿಯುವ ಹಕ್ಕು ಯಾವಾಗಲೂ ಅವನದು.

ಬಾಗಿಲು ತೆರೆಯಿತು. ತೆರ್ತು ಒಳಗೆ ಬಂದಳು. ಉಣ್ಣೆಯ ಸ್ವೆಟರು, ಅಡುಗೆಯ ಏಪ್ರನ್ನು, ಕಾಲಿಗೆ ದಪ್ಪ ಕಾಲುಚೀಲ. ಬಾಗಿಲನ್ನು ಹಿಂದಿನಿಂದ ಗಟ್ಟಿಯಾಗಿ ಎಳೆದುಕೊಂಡು ಕೆಳಗಿನ ಹಲಗೆಯ ಮೇಲೆ ಅವರಿಗೆ ಬೆನ್ನು ಮಾಡಿ ಕೂತಳು.

"ಅಯ್ಯೋ ಸೈತಾನ!" ಎಂದು ಯೌಕೋ ನೀರಿನ ಬಕೆಟ್ಟನ್ನು ಮಡಿಲಿಗೆ ಎಳೆದುಕೊಂಡ.

"ಇದು ಗಂಡಸರ ಸರದಿ ಕಣಮ್ಮ," ಎಂದ ಸುಲೋ ಮರ್ಯಾದೆಯಿಂದ.

"ಗೊತ್ತು. ನೀವು ಇಟ್ಕೊಂಡಿರೋದು ನೋಡೋಕೆ ನಾನು ಬಂದಿಲ್ಲ. ಯೌಕೋ, ಒಳಗಿನ ಮಾತು ಹೊರಗೆ ತರಲ್ಲ ಅಂದೆಯಲ್ಲ, ನಾನೇ ಒಳಗೆ ಬಂದಿದ್ದೀನಿ. ಈಗ ಹೇಳು."

ಕಲ್ಲುಗಳು ಚಿಟಿಚಿಟಿ ಎನ್ನುತ್ತಿದ್ದವು. ಸ್ವೆಟರಿನೊಳಗೆ ಅವಳ ಬೆನ್ನ ಮೇಲೆ ಬೆವರು ಇಳಿಯತೊಡಗಿತು. ಮುಖ ಕೆಂಪಾಯಿತು. ಅವಳು ಕದಲಲಿಲ್ಲ.

"ಮನೆಗೆ ಹೋಗೇ, ಬಿದ್ದು ಗಿದ್ದು ಹೋಗ್ತೀಯ," ಎಂದ ಇಲ್ಪೋ.

"ಬೀಳ್ತೀನಿ! ಇಲ್ಲೇ ಬೀಳ್ತೀನಿ! ಆಂಬುಲೆನ್ಸಿನವರು ಬಂದಾಗ ಹೇಳು, ಇವಳ ಮುಂದೆ ಬಾಯಿ ಬಿಡೋಕೆ ನಂಗೆ ನಾಚಿಕೆ ಆಯ್ತು, ಅದಕ್ಕೇ ಬೇಯಿಸಿಬಿಟ್ಟೆ ಅಂತ. ಸುಲೋ, ನೀರು ಹಾಕು!"

ಸುಲೋ ಏನು ಮಾಡಬೇಕೆಂದು ತೋಚದೆ, ಹೇಳಿದವರಿಗೆ ಇಲ್ಲ ಎನ್ನಲಾಗದೆ, ಒಂದು ಸೌಟು ನೀರು ಸುರಿದ. ಹಬೆ ಭುಸ್ ಎಂದು ಎದ್ದು ಮೂವರ ಕಿವಿ ಸುಟ್ಟಿತು. ತೆರ್ತು ಏಪ್ರನ್ನಿನಿಂದ ಮುಖ ಒರೆಸಿಕೊಂಡಳು. "ಇನ್ನೊಂದು," ಎಂದಳು.

"ಸಾಕು, ಸಾಕು!" ಯೌಕೋ ಸೋತ. "ಹೇಳ್ತೀನಿ. ಇಲ್ಪೋ, ಅವಳು ಒಳಗೇ ಇದ್ದಾಳೆ, ನಾನು ನಿಯಮ ಮುರಿದ ಹಾಗಾಗಲ್ಲ. ಅಕ್ಕ, ಅವನು ಮಾತ್ರೆ ತಗೋತಾನೆ. ಕೂದಲಿಗೆ."

"ಏನಂದೆ?"

"ಕೂದಲು ಉದುರದೇ ಇರೋಕೆ. ತಾಲ್ಲಿನ್‌ನಲ್ಲಿ ಒಬ್ಬ ಡಾಕ್ಟರು ಚೀಟಿ ಬರ್ಕೊಡ್ತಾನೆ. ಹದಿನೈದು ವರ್ಷದ ಮೇಲಾಯ್ತು. ನೆಲಮಾಳಿಗೆಯಲ್ಲಿ, ಸ್ಕೀ ಮೇಣದ ಡಬ್ಬಿಯಲ್ಲಿ ಇಟ್ಟಿದ್ದಾನೆ."

ಜುಲೈ ತಿಂಗಳ ಸ್ಕೀ ಮೇಣ. ತೆರ್ತು ತಿರುಗಿ ನೋಡಿದಳು. ಇಲ್ಪೋ ಮೊಣಕಾಲಿನ ಮೇಲೆ ಮೊಣಕೈ ಊರಿ ನೆಲ ನೋಡುತ್ತಿದ್ದ. ಒದ್ದೆ ಕೂದಲು ಹಣೆಗೆ ಅಂಟಿತ್ತು.

"ಅದಕ್ಕೂ ಇದಕ್ಕೂ ಏನು ಸಂಬಂಧ? ಕೂದಲು ತಾನೇ," ಎಂದ.

ಆಗ ಮೂಲೆಯಿಂದ ಸುಲೋ ಕೆಮ್ಮಿದ. "ಆ ಮಾತ್ರೆ ಹೆಸರೇನು?" ಯೌಕೋ ಹೇಳಿದ. "ಅದನ್ನೇ ನಂಗೂ ಕೊಟ್ಟಿದ್ದಾರಪ್ಪ, ದೊಡ್ಡ ಪ್ರಮಾಣದ್ದು. ಗ್ರಂಥಿ ಊದಿಕೊಂಡು ಮೂತ್ರ ಕಟ್ತಿತ್ತಲ್ಲ, ಅದಕ್ಕೆ. ನಮ್ಮ ಡಾಕ್ಟರು ನನ್ನ ರಕ್ತದ ಲೆಕ್ಕ ಬಂದಾಗಲೆಲ್ಲ ಅದನ್ನ ಎರಡರಷ್ಟು ಮಾಡ್ಕೊಂಡು ನೋಡ್ತಾರೆ. ಯಾಕೆ ಅಂತ ಹೇಳಿದ್ರು, ನಂಗೆ ಮರೆತುಹೋಯ್ತು."

ಮೂರೂವರೆಯ ಎರಡರಷ್ಟು ಎಷ್ಟೆಂದು ಉಳಿದ ಮೂವರಿಗೂ ತಿಳಿಯಿತು. ತೆರ್ತು ಎದ್ದು ನಿಂತಳು. ತಲೆ ಸುತ್ತಿತು, ಗಂಡನ ಬೆವೆತ ಭುಜವನ್ನೇ ಹಿಡಿದುಕೊಂಡಳು. ಹೊಡೆಯುತ್ತಾಳೆ ಎಂದು ಅವನು ಕಣ್ಣು ಮುಚ್ಚಿದ.

"ಬಟ್ಟೆ ಹಾಕ್ಕೋ," ಎಂದಳು. "ಸೋಮವಾರದ ತನಕ ನಿನ್ನ ಮುಖ ನೋಡಿದ್ರೆ ಕೊಂದೇ ಹಾಕ್ತೀನಿ. ಆದ್ರೆ ಮೊದಲು ನೀರು ಕುಡಿ."

ಸೋಮವಾರ ಡಾಕ್ಟರ್ ನೂರ್ಮೆಲಾಳ ಮೇಜಿನ ಮೇಲೆ ತೆರ್ತು ಮೇಣದ ಡಬ್ಬಿಯನ್ನು ಢಣ್ ಎಂದು ಇಟ್ಟಳು. ಡಾಕ್ಟರು ಒಳಗಿನ ಮಾತ್ರೆಯ ಹಾಳೆ ನೋಡಿದಳು. ಅವಳ ಮುಖದ ಬಣ್ಣ ಹೋಯಿತು. ಆಮೇಲೆ ಅವಳಿಗೂ ಸಿಟ್ಟು ಬಂತು.

"ನಾನು ಕೇಳಿದೆ. ಔಷಧಿ ತಗೋತೀರಾ ಅಂತ ಇದೇ ಕುರ್ಚಿಯಲ್ಲಿ ಕೂತು ಕೇಳಿದೆ."

"ಔಷಧಿ ಅಂದ್ರೆ ಕಾಯಿಲೆಗೆ," ಎಂದ ಇಲ್ಪೋ. "ಇದು ಕೂದಲಿಗೆ."

"ನಿಮ್ಮ ಕಂಪ್ಯೂಟರಿನಲ್ಲಿ ಊರಿನವರ ಮಾತ್ರೆಗಳೆಲ್ಲ ಕಾಣುತ್ತೆ ಅಂತೀರಲ್ಲ?" ಎಂದಳು ತೆರ್ತು.

"ಇಲ್ಲಿ ಬರೆದದ್ದು ಕಾಣುತ್ತೆ. ಕೊಲ್ಲಿಯಾಚೆಯದು ಕಾಣಲ್ಲ." ಡಾಕ್ಟರು ಉಸಿರು ಎಳೆದುಕೊಂಡಳು. "ನೋಡಿ. ಗಂಡಸರ ಹಾರ್ಮೋನು ಮೈಯೊಳಗೆ ಇದ್ದಹಾಗೇ ಕೆಲಸ ಮಾಡಲ್ಲ. ಕೂದಲ ಬುಡದಲ್ಲಿ, ಈ ಗ್ರಂಥಿಯಲ್ಲಿ ಒಂದು ಕಿಣ್ವ ಇರುತ್ತೆ. ಅದು ಆ ಹಾರ್ಮೋನನ್ನು ಇನ್ನೊಂದು ಹಾರ್ಮೋನಾಗಿ ಮಾರ್ಪಡಿಸುತ್ತೆ, ತುಂಬ ಜೋರಾದದ್ದು."

"ಹಾಲಿಗೆ ಹೆಪ್ಪು ಹಾಕಿದ ಹಾಗೆ."

"ಹೌದು, ಹಾಗೇ ಅಂದ್ಕೊಳ್ಳಿ. ಆ ಜೋರು ಹಾರ್ಮೋನೇ ಕೂದಲು ಉದುರಿಸೋದು, ಗ್ರಂಥಿ ಬೆಳೆಸೋದು. ಈ ಮಾತ್ರೆ ಹೆಪ್ಪನ್ನೇ ಕಟ್ಟಿಹಾಕುತ್ತೆ. ಕೂದಲು ಉಳಿಯುತ್ತೆ, ಗ್ರಂಥಿ ಕುಗ್ಗುತ್ತೆ, ಮೂತ್ರ ಸಲೀಸಾಗಿ ಹೋಗುತ್ತೆ. ರಕ್ತಕ್ಕೆ ಜಿನುಗೋ ಆ ಪ್ರೋಟೀನೂ ಸುಮಾರು ಅರ್ಧಕ್ಕೆ ಇಳಿದುಬಿಡುತ್ತೆ. ಕ್ಯಾನ್ಸರ್ ಬೆಳೀತಿದ್ರೂ ಲೆಕ್ಕ ಅರ್ಧವೇ ತೋರಿಸುತ್ತೆ. ಅದಕ್ಕೇ ಎರಡರಷ್ಟು ಮಾಡಿ ಓದಬೇಕು. ನಿಮ್ಮದು ಮೂರೂವರೆ ಅಲ್ಲ, ಏಳು. ಮಾತ್ರೆ ನುಂಗ್ತಾ ಇದ್ದೂ ವರ್ಷ ವರ್ಷ ಏರಿದೆ ಅಂದ್ರೆ, ಆ ಏರಿಕೆ ಒಂದೇ ಸಾಕಿತ್ತು ನನಗೆ."

"ಸಾಕಿತ್ತಂತೆ!" ತೆರ್ತು ಮೇಜು ಗುದ್ದಿದಳು. "ಔಷಧಿ ತಗೋತೀರಾ ಅಂತ ಕೇಳಿದ್ರೆ ಯಾವ ಗಂಡಸು ಹೌದು ಅಂತಾನೆ? ಕೂದಲಿಗೆ ಏನು ನುಂಗ್ತೀಯ, ನಿದ್ದೆಗೆ ಏನು ನುಂಗ್ತೀಯ, ಮಂಡಿಗೆ ಏನು ತಿಕ್ಕೋತೀಯ ಅಂತ ಒಂದೊಂದಾಗಿ ಕೇಳ್ಬೇಕು!"

"ಕೇಳಿದ್ರೆ ಹೇಳ್ತಿದ್ರಾ?" ಡಾಕ್ಟರು ಅವಳನ್ನೇ ನೆಟ್ಟಗೆ ನೋಡಿದಳು. "ನೀವು ಪಕ್ಕದಲ್ಲಿ ಕೂತಿರುವಾಗ?"

ಇಲ್ಪೋ ಅವತ್ತು ತನ್ನ ಮುಖ ನೋಡಿದ ಆ ಒಂದು ಕ್ಷಣ ಈಗ ಬಂದು ತೆರ್ತುವಿನ ಎದೆಗೆ ತಾಗಿತು. ತಾನು ಜೊತೆಗೆ ಬಂದದ್ದು ಅವನು ಸುಳ್ಳು ಹೇಳಬಾರದೆಂದು. ಅವನು ಸುಳ್ಳು ಹೇಳಿದ್ದು ತಾನು ಬಂದದ್ದಕ್ಕೇ.

ಸ್ಕ್ಯಾನಿನ ಚಿತ್ರ ತೆಗೆದರು, ಸೂಜಿ ಚುಚ್ಚಿ ಗ್ರಂಥಿಯ ತುಣುಕು ತೆಗೆದರು. ಗಡ್ಡೆ ಗ್ರಂಥಿಯ ಮುಂಬದಿಯಲ್ಲಿತ್ತು, ಬೆರಳಿಗೆ ಸಿಗದ ಜಾಗದಲ್ಲಿ. ಪೊರೆ ದಾಟಿ ಸ್ವಲ್ಪ ಹೊರಗೆ ಬಂದಿತ್ತು. ಮೂಳೆಗೆ ಇಳಿದಿರಲಿಲ್ಲ. ವರ್ಷದ ಹಿಂದೆ ಕಂಡಿದ್ದರೆ ಕತ್ತರಿಸಿ ತೆಗೆದು ಮುಗಿಸಬಹುದಿತ್ತೇನೋ. ಈಗ ವಿಕಿರಣ ಕೊಡಬೇಕು, ಜೊತೆಗೆ ಮೂರು ವರ್ಷ ಹಾರ್ಮೋನನ್ನೇ ನಿಲ್ಲಿಸುವ ಚುಚ್ಚುಮದ್ದು. ಗುಣವಾಗುವ ಸಾಧ್ಯತೆ ಚೆನ್ನಾಗಿಯೇ ಇದೆ ಎಂದ ಆಸ್ಪತ್ರೆಯ ತಜ್ಞ, 'ಆದರೆ' ಎಂಬ ಮಾತನ್ನು ಕಣ್ಣಿನಲ್ಲೇ ಉಳಿಸಿಕೊಂಡ.

ಮನೆಗೆ ಬರುವಾಗ ಕಾರು ಓಡಿಸಿದ್ದು ತೆರ್ತು. ಗೇರು ಬದಲಿಸುವಾಗಲೆಲ್ಲ ಕಾರು ನರಳುತ್ತಿತ್ತು.

"ಕೂದಲು ಉದುರಲ್ವಂತೆ," ಎಂದ ಇಲ್ಪೋ. "ಆ ಚುಚ್ಚುಮದ್ದಿಗೆ. ತಲೇದು ಉಳಿಯುತ್ತಂತೆ."

ಅವಳು ಕಾರನ್ನು ರಸ್ತೆಯ ಬದಿಗೆ ಎಳೆದು ನಿಲ್ಲಿಸಿದಳು. ಹಿಂದಿನ ಲಾರಿಯವನು ಹಾರನ್ನು ಬಾರಿಸಿಕೊಂಡು ಹೋದ.

"ಕೂದಲು! ಇನ್ನೂ ಕೂದಲು! ನಿನ್ನ ತಲೇಲಿ ಏನು ತುಂಬಿದೆ ಹೇಳು. ಯಾರಿಗೆ ಬೇಕಿತ್ತು ನಿನ್ನ ಕೂದಲು?"

"ನಿಂಗೆ," ಎಂದ ಅವನು. "ಮಂಟಪದಲ್ಲಿ ಕೇಳಿದೆನಲ್ಲ, ಯಾಕೆ ನಾನು ಅಂತ. ಕೂದಲು ಅಂದೆ ನೀನು. ಐದಾರು ವರ್ಷಕ್ಕೆ ಉದುರೋಕೆ ಶುರುವಾಯ್ತು. ಏನೇನೋ ಎಣ್ಣೆ ಹಚ್ಚಿದೆ, ಹೀಗೆ ಬಾಚಿದೆ, ಹಾಗೆ ಬಾಚಿದೆ. ಆಮೇಲೆ ಈ ಮಾತ್ರೆ ಸಿಕ್ತು. ಆರ್ನೆಯ ತಲೆ ಬಗ್ಗೆ ನೀನು ಎಷ್ಟು ನಗ್ತಿದ್ದೆ."

ತೆರ್ತು ಸ್ಟೀರಿಂಗ್ ಹಿಡಿದೇ ಕೂತಳು.

"ನಂಗೆ ಕಾಲು ನಡುಗ್ತಿತ್ತು ಕಣೋ, ಮೂರ್ಖ," ಎಂದಳು ಕೊನೆಗೆ. "ಅಷ್ಟು ಜನರ ಮುಂದೆ ಹಲಗೆ ದಾಟಿ ಬಂದಿದ್ದೆ. ಬಾಯಿಗೆ ಬಂದದ್ದು ಕೂದಲು. ಮೂಗು ಅಂತ ಬಂದಿದ್ರೆ ಮೂಗು ಅಂತಿದ್ದೆ. ಹಾಡಿನ ನಡುವೆ ವಾದ್ಯದವನ ಮಗು ಅಳ್ತಿತ್ತಲ್ಲ, ನೀನು ಎತ್ತಿ ಹೆಗಲ ಮೇಲೆ ಹಾಕ್ಕೊಂಡೆ. ಅದು ನಿದ್ದೆ ಮಾಡಿತು. ಅದರ ತಾಯಿ ಬಂದು ಕರ್ಕೊಂಡು ಹೋದ ಮೇಲೆ ನಿನ್ನ ಒಳ್ಳೇ ಶರ್ಟಿನ ಮೇಲೆ ಅಂಗೈ ಅಗಲ ಜೊಲ್ಲು. ನೀನು ಒರೆಸಿಕೊಳ್ಳಲೂ ಇಲ್ಲ. ಆ ಜೊಲ್ಲು ನೋಡಿ ಬಂದೆ ನಾನು."

ಇಲ್ಪೋ ಕಿಟಕಿಯ ಕಡೆ ತಿರುಗಿದ. "ಹೇಳ್ಬೇಕಿತ್ತು," ಎಂದ.

"ನೀನೂ ಹೇಳ್ಬೇಕಿತ್ತು!" ಅವಳು ಗೇರು ಹಾಕಿದಳು. ಕಾರು ಮತ್ತೆ ನರಳಿತು.

ವಿಕಿರಣ ನಡೆಯುವಷ್ಟು ದಿನ ಬಿಸಿ ಹಬೆ ಬೇಡ, ಚರ್ಮ ಸುಡುತ್ತದೆ ಎಂದಿದ್ದರು. ಆದರೂ ಶನಿವಾರ ಬಂದರೆ ಇಲ್ಪೋ ನೆಲಮಾಳಿಗೆಗೆ ಇಳಿಯುತ್ತಿದ್ದ. ಯೌಕೋ, ಸುಲೋ ಒಳಗೆ. ಇವನು ಹೊರಗಿನ ಬಟ್ಟೆ ಬಿಚ್ಚುವ ಕೋಣೆಯ ಬೆಂಚಿನ ಮೇಲೆ, ಅಂಗಿ ತೊಟ್ಟು. ನಡುನಡುವೆ ಅವನ ಮುಖಕ್ಕೆ ಧಗೆ ಏರಿ ಬೆವರು ಕಿತ್ತುಕೊಳ್ಳುತ್ತಿತ್ತು, ಮುಟ್ಟು ನಿಂತ ಹೆಂಗಸರಿಗೆ ಆಗುವ ಹಾಗೆ. "ನಿಂಗೆ ಇನ್ನು ಸೌನಾ ಯಾಕೆ, ಚುಚ್ಚುಮದ್ದೇ ಕಾಯಿಸುತ್ತಲ್ಲ!" ಎಂದು ಸುಲೋ ಒಳಗಿನಿಂದ ಕೂಗುತ್ತಿದ್ದ. ಇಲ್ಪೋನಿಗೆ ನಗು ಬರುತ್ತಿತ್ತು.

ಗಂಡಸರ ಸರದಿ ಅರ್ಧವಾಗುವ ಹೊತ್ತಿಗೆ ಮೆಟ್ಟಿಲಿನ ಮೇಲೆ ತೆರ್ತುವಿನ ಹೆಜ್ಜೆ ಕೇಳುತ್ತಿತ್ತು. ಒಂದು ಕೈಯಲ್ಲಿ ಸಾಸೇಜಿನ ಪಾತ್ರೆ, ಇನ್ನೊಂದರಲ್ಲಿ ನಿವೃತ್ತಿಯ ದಿನ ಶಾಲೆಯಿಂದ ಬೇಡಿ ತಂದ ಅದೇ ಸೌಟು. ಒಳಗೆ ಹೋಗುತ್ತಿರಲಿಲ್ಲ. ಮುಚ್ಚಳದ ಮೇಲೆ ಢಣ್ ಎಂದು ಒಂದು ಪೆಟ್ಟು ಹಾಕುವಳು.

"ಕೂದಲಿಗೆ, ನಿದ್ದೆಗೆ, ಮಂಡಿಗೆ, ಹೊಟ್ಟೆಗೆ! ಯಾರು ಏನು ನುಂಗ್ತಿದ್ದೀರಿ? ಹೇಳದವನಿಗೆ ಸಾಸೇಜು ಇಲ್ಲ!"

"ಹೆಂಡತಿಯ ನಿದ್ದೆ ಮಾತ್ರೆ ಅರ್ಧ ಕದ್ದೆ ತಾಯಿ," ಎಂದು ಬಾಗಿಲ ಆಚೆಯಿಂದ ಸುಲೋ.

"ನಾಳೆ ಬೆಳಿಗ್ಗೆ ನಿನ್ನ ಡಾಕ್ಟರಿಗೆ ಹೇಳ್ತೀಯ. ಯೌಕೋ?"

"ಬಿಯರು."

"ಅದು ವಾಸನೆಗೇ ಗೊತ್ತಾಗುತ್ತೆ. ಮತ್ತೇನು?"

"ಬೆನ್ನಿಗೆ ಒಂದು ಮುಲಾಮು. ತಾಲ್ಲಿನ್‌ನದು."

"ತಗೊಂಡು ಬಾ, ನೋಡ್ತೀನಿ."

ಆಮೇಲೆ ಅವಳು ಬೆಂಚಿನ ಕಡೆ ತಿರುಗಿದಳು. ಇಲ್ಪೋ ಬೆವರು ಒರೆಸಿಕೊಳ್ಳುತ್ತಿದ್ದ. ಕೂದಲು ಕೆದರಿತ್ತು; ಈಚೆಗೆ ಬಾಚುವುದನ್ನು ಮರೆಯುತ್ತಿದ್ದ.

"ನೀನು?"

"ಮಾತ್ರೆ ಏನೂ ಇಲ್ಲ," ಎಂದ. ಮೊಣಕಾಲು ಉಜ್ಜಿಕೊಂಡ. ಏನನ್ನೋ ಕೆಳಗೆ ಇಳಿಸಬೇಕು, ಎಲ್ಲಿ ಇಳಿಸಬೇಕೆಂದು ಕ್ರೇನಿನ ಮೇಲಿಂದ ಜಾಗ ಹುಡುಕುವವನ ಹಾಗೆ ನೆಲ ನೋಡಿದ. "ಹೆದರಿಕೆ ಆಗ್ತಿದೆ ತೆರ್ತು."

ಒಳಗಿನವರಿಗೂ ಕೇಳಿಸಿತು. ಕಲ್ಲಿನ ಮೇಲೆ ನೀರು ಸುರಿಯುವ ಸದ್ದು ನಿಂತಿತು.

"ಹೆದರಿಕೆಗೆ ಏನು ನುಂಗ್ತಾರೆ ಅಂತ ನಂಗೂ ಗೊತ್ತಿಲ್ಲ," ಎಂದು ಅವಳು ಗದರಿದಳು. ಸೌಟನ್ನು ಪಾತ್ರೆಯ ಮೇಲಿಟ್ಟಳು. "ಆ ಕಡೆ ಸರ್ಕೊ. ಇಡೀ ಬೆಂಚು ನಿಂದೇನಾ?"

ಅವನು ಸರಿದ. ಅವಳು ಕೂತಳು. ಅವನ ಮೈಯ ಧಗೆ ಸ್ವೆಟರಿನ ಆಚೆಯಿಂದಲೂ ಅವಳಿಗೆ ತಾಗುತ್ತಿತ್ತು. ದೊಡ್ಡ ಸಾಸೇಜನ್ನು ಆರಿಸಿ ಅವನ ಕೈಗಿಟ್ಟಳು.

"ತಿನ್ನು," ಎಂದಳು.